ನೆಲ ಹೆಪ್ಪುಗಟ್ಟದಿದ್ದರೆ ಯಂತ್ರ ಇಳಿಸುವುದು ಎಲ್ಲಿ? ಉತ್ತರದ ಕಾಡುಗಳಲ್ಲಿ ಮಣ್ಣಿನ ನಕ್ಷೆ

ನವೆಂಬರ್ ತಿಂಗಳು. ಉತ್ತರ ಸ್ವೀಡನ್‌ನಲ್ಲಿ ಮಧ್ಯಾಹ್ನ ಮೂರು ಗಂಟೆಗೆಲ್ಲ ಕತ್ತಲಾಗಿಬಿಡುತ್ತದೆ. ಕಾಡಿನ ನಡುವೆ ಒಂದು ಯಂತ್ರ ನಿಂತಿದೆ. ಎಂಟು ಚಕ್ರ, ಹಿಂದೆ ದಿಮ್ಮಿ ತುಂಬುವ ತೊಟ್ಟಿ, ಮುಂದೆ ಗಾಜಿನ ಕ್ಯಾಬಿನ್, ಅದರ ತಲೆಯ ಮೇಲೆ ಸುತ್ತ ಹಗಲು ಮಾಡುವಷ್ಟು ದೀಪ. ಇದಕ್ಕೆ ಫಾರ್ವರ್ಡರ್ ಅನ್ನುತ್ತಾರೆ. ಕಡಿದ ದಿಮ್ಮಿಗಳನ್ನು ಕಾಡಿನೊಳಗಿಂದ ರಸ್ತೆ ಬದಿಗೆ ಹೊತ್ತು ತರುವುದು ಇದರ ಕೆಲಸ. ದೊಡ್ಡದಾದರೆ, ಪೂರ್ತಿ ತುಂಬಿದಾಗ 30 ಟನ್ ದಾಟುತ್ತದೆ. ನಮ್ಮ ಕಡೆ ಜಲ್ಲಿ ತುಂಬಿಕೊಂಡು ಹೋಗುವ ಹತ್ತು ಚಕ್ರದ ಲಾರಿಗಿಂತ ಭಾರ. ಲಾರಿ ಓಡುವುದು ಟಾರು ರಸ್ತೆ ಮೇಲೆ, ಇದು ಓಡುವುದು ಪಾಚಿಯ ಮೇಲೆ.

ಚಾಲಕನ ಎದುರಿನ ಪರದೆಯಲ್ಲಿ ಒಂದು ನಕ್ಷೆ ಇದೆ. ಅದರಲ್ಲಿ ನೀಲಿ ಬಣ್ಣದ ಒಂದು ನಾಲಿಗೆ ಅಡ್ಡ ಬಂದಿದೆ, ಅಗಲ ಬರೀ ಆರೇಳು ಮೀಟರ್. ಆಚೆ ಬದಿಯಲ್ಲಿ ಒಂದು ಲೋಡಿಗಾಗುವಷ್ಟು ದಿಮ್ಮಿ ಬಿದ್ದಿದೆ. ಕಿಟಕಿಯಿಂದ ನೋಡಿದರೆ ಅಲ್ಲಿ ಏನೂ ಕಾಣುವುದಿಲ್ಲ. ನೀರು ಹರಿಯುತ್ತಿಲ್ಲ, ಹಳ್ಳ ಇಲ್ಲ, ಉಳಿದ ಕಡೆ ಇರುವ ಹಾಗೇ ಹಸಿರು ನೆಲ. ಸುತ್ತಿಕೊಂಡು ಹೋದರೆ ಡೀಸೆಲ್ಲೂ ಹೊತ್ತೂ ಖರ್ಚು. ನೇರ ಹೋದರೆ ಮೊದಲ ಸಲ ಏನೂ ಆಗದೆ ದಾಟಬಹುದು, ಎರಡನೇ ಸಲ ಚಕ್ರ ಸ್ವಲ್ಪ ಇಳಿಯುತ್ತದೆ, ಮೂರನೇ ಸಲ ಅಚ್ಚಿನವರೆಗೂ ಹೂತುಕೊಳ್ಳುತ್ತದೆ. ಎರೆ ಭೂಮಿಯಲ್ಲಿ ಮಳೆ ಬಿದ್ದ ಮರುದಿನ ಟ್ರ್ಯಾಕ್ಟರ್ ಇಳಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೊಲದಲ್ಲಾದರೆ ಮುಂದಿನ ಉಳುಮೆಯಲ್ಲಿ ಗಾಲಿಯ ಜಾಡು ಮುಚ್ಚಿಹೋಗುತ್ತದೆ. ಕಾಡಿನಲ್ಲಿ ಉಳುವವರು ಯಾರು? ಆ ಜಾಡು ಹತ್ತಾರು ವರ್ಷ ಹಾಗೇ ಉಳಿಯುತ್ತದೆ.

ಈ ಸಮಸ್ಯೆ ಹೊಸದಲ್ಲ. ಹಿಂದೆ ಇದಕ್ಕೆ ಒಂದು ಸುಲಭದ ಪರಿಹಾರ ಇತ್ತು: ಕಾಯುವುದು. ಹಸಿ ನೆಲದ ಕಾಡನ್ನು ಬೇಸಿಗೆಯಲ್ಲಿ ಯಾರೂ ಮುಟ್ಟುತ್ತಿರಲಿಲ್ಲ. ಡಿಸೆಂಬರ್, ಜನವರಿಯಲ್ಲಿ ನೆಲ ಕಲ್ಲಿನ ಹಾಗೆ ಗಟ್ಟಿಯಾದ ಮೇಲೆ ಜೌಗಿನ ಮೇಲೂ ಯಂತ್ರ ಓಡಿಸಬಹುದಿತ್ತು. ಹೆಪ್ಪುಗಟ್ಟಿದ ನೆಲಕ್ಕೆ ಸ್ವೀಡಿಷ್ ಭಾಷೆಯಲ್ಲಿ 'ಶೇಲೆ' ಅನ್ನುವ ಬೇರೆ ಪದವೇ ಇದೆ. ವಸಂತದಲ್ಲಿ ಅದು ಕರಗಿ ರಸ್ತೆಗಳೆಲ್ಲ ಕೆಸರಾಗುವ ಕಾಲಕ್ಕೆ ಫಿನ್‌ಲೆಂಡ್‌ನವರು 'ಕೆಲಿರಿಕ್ಕೊ' ಅನ್ನುತ್ತಾರೆ. ಒಂದು ಊರಿನ ಕೆಲಸವೆಲ್ಲ ಇಂಥ ದಿನಗಳ ಲೆಕ್ಕದಲ್ಲೇ ನಡೆಯುತ್ತಿತ್ತು, ನಮ್ಮಲ್ಲಿ ಮಳೆ ನಕ್ಷತ್ರದ ಲೆಕ್ಕದಲ್ಲಿ ಬಿತ್ತನೆ ನಡೆಯುವ ಹಾಗೆ. ಈಗ ಆ ಲೆಕ್ಕ ತಪ್ಪುತ್ತಿದೆ. ಹೆಪ್ಪು ತಡವಾಗಿ ಬರುತ್ತದೆ, ನಡುವೆ ಕರಗುತ್ತದೆ. ಕೆಲವು ವರ್ಷ ನೆಲ ಗಟ್ಟಿಯಾಗುವ ಮೊದಲೇ ದಪ್ಪ ಹಿಮ ಬೀಳುತ್ತದೆ. ಹಿಮ ಅಂದರೆ ನೆಲಕ್ಕೆ ಹೊದಿಸಿದ ಕಂಬಳಿ, ಅದರ ಕೆಳಗೆ ಮಣ್ಣು ಮೆತ್ತಗೇ ಉಳಿಯುತ್ತದೆ. ಇತ್ತ ಕಾಗದದ ಗಿರಣಿ, ಸಾಮಿಲ್ಲುಗಳಿಗೆ ವರ್ಷಪೂರ್ತಿ ನಾಟಾ ಬೇಕು. ಅವು ಚಳಿಗಾಲಕ್ಕೆ ಕಾಯುವುದಿಲ್ಲ.

ಹಾಗಾಗಿ ಒಂದು ದೊಡ್ಡ ಬದಲಾವಣೆ ಆಗಿದೆ. ಹಿಂದೆ ಕೇಳುತ್ತಿದ್ದ ಪ್ರಶ್ನೆ 'ಯಾವಾಗ'. ಈಗ ಕೇಳುವ ಪ್ರಶ್ನೆ 'ಎಲ್ಲಿ'. ಕ್ಯಾಲೆಂಡರ್ ಮಾಡುತ್ತಿದ್ದ ಕೆಲಸ ನಕ್ಷೆಯ ಹೆಗಲಿಗೆ ಬಂದಿದೆ. ಆ ಹೆಗಲು ಎಷ್ಟು ಗಟ್ಟಿ, ಎಷ್ಟು ಭಾರ ಹೊರುತ್ತದೆ ಅನ್ನುವುದೇ ಈ ಲೇಖನದ ವಿಷಯ.

ಮೊದಲು ಆ ನೆಲ ಎಂಥದ್ದು ಅಂತ ನೋಡೋಣ. ಬೋರಿಯಲ್ ಕಾಡು ಅಂದರೆ ಅಲಾಸ್ಕಾ, ಕೆನಡಾದಿಂದ ಹಿಡಿದು ನಾರ್ವೆ, ಸ್ವೀಡನ್, ಫಿನ್‌ಲೆಂಡ್, ರಷ್ಯಾದವರೆಗೆ ಭೂಮಿಯ ತಲೆಗೆ ಪಟ್ಟಿ ಕಟ್ಟಿದ ಹಾಗಿರುವ ಕಾಡು. ಜಗತ್ತಿನ ಒಟ್ಟು ಕಾಡಿನಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಇದೇ. ಇಲ್ಲಿ ಮರದ ಜಾತಿ ಕಮ್ಮಿ. ಸ್ವೀಡನ್ನಿನಲ್ಲಿ ಮುಖ್ಯವಾಗಿ ಪೈನ್, ಸ್ಪ್ರೂಸ್, ಜೊತೆಗೆ ಬರ್ಚ್. ಮೇಲಿನಿಂದ ನೋಡಿದರೆ ಎಲ್ಲಾ ಕಡೆ ಒಂದೇ ಥರ ಕಾಣುತ್ತದೆ. ಕೆಳಗೆ ಮಾತ್ರ ಹತ್ತು ಹೆಜ್ಜೆಗೊಂದು ಮಣ್ಣು.

ಅದಕ್ಕೆ ಕಾರಣ ಹಿಮಯುಗ. ಸುಮಾರು 10,000 ವರ್ಷಗಳ ಹಿಂದಿನವರೆಗೂ ಈ ಭಾಗದ ಮೇಲೆ ಕಿಲೋಮೀಟರ್‌ಗಟ್ಟಲೆ ದಪ್ಪದ ಹಿಮದ ಹಾಸು ಇತ್ತು. ಅದು ಬಂಡೆಯನ್ನು ಅರೆದು, ಕಲ್ಲು, ಮರಳು, ಸಣ್ಣ ಪುಡಿ ಎಲ್ಲವನ್ನೂ ಕಲಸಿ, ಕರಗುವಾಗ ಹಾಗೇ ಬಿಟ್ಟು ಹೋಯಿತು. ಜರಡಿ ಹಿಡಿಯದ ಈ ಮಿಶ್ರಣಕ್ಕೆ ಮೊರೇನ್ ಅಂತ ಹೆಸರು. ಗುದ್ದಲಿ ಹಾಕಿದರೆ ಮೊದಲ ಏಟಿಗೇ ಕಲ್ಲು ಸಿಗುವ ನೆಲ. ಇನ್ನೊಂದು ವಿಚಿತ್ರ ಏನೆಂದರೆ, ಅಷ್ಟು ಹಿಮದ ಭಾರಕ್ಕೆ ನೆಲವೇ ಕುಸಿದಿತ್ತು. ಹಿಮ ಕರಗಿದ ಮೇಲೆ ಮೇಲೇಳುತ್ತಾ ಬಂತು, ಈಗಲೂ ಏಳುತ್ತಿದೆ. ಬಾಲ್ಟಿಕ್ ಸಮುದ್ರದ ಉತ್ತರ ತುದಿಯ ದಂಡೆಯಲ್ಲಿ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರಿನಷ್ಟು. ಸ್ವೀಡನ್‌ನ ಹೊಗಾ ಕುಸ್ಟೆನ್ ಅನ್ನುವ ಕಡೆ ಹಳೆಯ ಸಮುದ್ರದ ದಂಡೆ ಇವತ್ತಿನ ನೀರಿನ ಮಟ್ಟದಿಂದ 285 ಮೀಟರಿಗೂ ಎತ್ತರದಲ್ಲಿ, ಬೆಟ್ಟದ ಪಕ್ಕೆಯಲ್ಲಿ ಕಾಣುತ್ತದೆ. ಆ ಗೆರೆಯ ಕೆಳಗಿರುವ ಕಾಡೆಲ್ಲ ಒಂದು ಕಾಲಕ್ಕೆ ಸಮುದ್ರದ ತಳ. ಅಲ್ಲಿ ನೀರು ತೊಳೆದ ಮರಳು, ನುಣುಪು ಹೂಳು, ಜೇಡಿ ಸಿಗುತ್ತದೆ. ಗೆರೆಯ ಮೇಲೆ ಮೊರೇನ್. ಮೇಲೆ ನಿಂತ ಸ್ಪ್ರೂಸ್ ಮರ ಒಂದೇ, ಆದರೆ ಎರಡು ನೆಲಗಳೂ ಯಂತ್ರದ ಭಾರಕ್ಕೆ ನಡೆದುಕೊಳ್ಳುವ ರೀತಿ ಬೇರೆ ಬೇರೆ.

ಒಣಗಿದ ಪೈನ್ ಕಾಡಿನಲ್ಲಿ ಒಂದು ಮೊಣಕಾಲುದ್ದ ಗುಂಡಿ ತೋಡಿದರೆ ಏನು ಕಾಣುತ್ತದೆ ಗೊತ್ತಾ? ಮೇಲೆ ಕೊಳೆಯದ ಸೂಜಿ ಎಲೆ, ಪಾಚಿ, ಬೇರು, ಕಪ್ಪಗೆ ಚಾಪೆಯ ಹಾಗೆ. ಚಳಿಗೆ ಇಲ್ಲಿ ಏನೂ ಬೇಗ ಕೊಳೆಯುವುದಿಲ್ಲ. ಅದನ್ನು ಕಂಬಳಿ ಎತ್ತಿದ ಹಾಗೆ ಎತ್ತಿದರೆ ಕೆಳಗೆ ಒಲೆಯ ಬೂದಿಯ ಬಣ್ಣದ ಒಂದು ಪದರ. ಅದರ ಕೆಳಗೆ ತುಕ್ಕು ಹಿಡಿದ ಕಬ್ಬಿಣದ ಬಣ್ಣ. ಮಳೆ ಮತ್ತು ಕರಗಿದ ಹಿಮದ ನೀರು ಮೇಲಿನ ಚಾಪೆಯಿಂದ ಹುಳಿ ಇಳಿಸಿಕೊಂಡು ಹೋಗಿ, ನಡುವಿನ ಪದರದ ಕಬ್ಬಿಣ, ಅಲ್ಯೂಮಿನಿಯಂ ಎಲ್ಲಾ ತೊಳೆದು, ಕೆಳಗಿಳಿಸಿ ಕೂರಿಸಿದೆ. ಈ ಮಣ್ಣಿಗೆ ಪಾಡ್ಸಾಲ್ ಅಂತ ಹೆಸರು. ರಷ್ಯನ್ ಭಾಷೆಯ ಪದ, ಅದರೊಳಗೇ 'ಬೂದಿ' ಇದೆ. ಇಳಿಜಾರಿನ ಕೆಳಗೆ ನಡೆದು ಮತ್ತೆ ಗುಂಡಿ ತೋಡಿ. ಬೂದಿ ಪದರ ಮಸುಕಾಗುತ್ತದೆ, ಕಪ್ಪು ಚಾಪೆ ದಪ್ಪವಾಗುತ್ತದೆ. ಇನ್ನೂ ಕೆಳಗೆ, ತೊರೆಯ ಹತ್ತಿರ, ಗುಂಡಿ ತೋಡುವ ಮೊದಲೇ ನೀರು ತುಂಬುತ್ತದೆ. ಅಲ್ಲಿರುವುದು ಪೀಟ್, ಅಂದರೆ ಸಾವಿರಾರು ವರ್ಷ ನೀರಿನಲ್ಲಿ ಮುಳುಗಿ ಅರೆಬರೆ ಕೊಳೆತ ಪಾಚಿ. ಇಷ್ಟೆಲ್ಲ ಬದಲಾವಣೆ ನೂರು ಮೀಟರಿನೊಳಗೆ. ಹಳೆಯ ಭೂವಿಜ್ಞಾನದ ನಕ್ಷೆಗಳಲ್ಲಿ ಈ ನೂರು ಮೀಟರ್ ಒಂದು ಮಿಲಿಮೀಟರ್, ಎರಡು ಮಿಲಿಮೀಟರ್. ಅದರೊಳಗೆ ಆರು ಮೀಟರಿನ ಹಸಿ ನಾಲಿಗೆಯನ್ನು ಬರೆಯುವುದು ಹೇಗೆ?

ನಕ್ಷೆ ಇಲ್ಲದ ಕಾಲದಲ್ಲಿ ಜನ ಗಿಡ ನೋಡಿ ಮಣ್ಣು ಹೇಳುತ್ತಿದ್ದರು. ಇದನ್ನು ಒಂದು ಶಾಸ್ತ್ರವಾಗಿ ಮಾಡಿದವರು ಫಿನ್‌ಲೆಂಡ್‌ನ ಎ. ಕೆ. ಕಯಾಂಡರ್. 1909ರಲ್ಲಿ ಅವರು ಕಾಡನ್ನು ಅದರ ಮರದಿಂದ ಗುರುತಿಸದೆ, ಮರದ ಬುಡದಲ್ಲಿ ಬೆಳೆಯುವ ಸಣ್ಣ ಗಿಡ, ಪಾಚಿಗಳಿಂದ ವಿಂಗಡಿಸಿದರು. ಮರವನ್ನು ಮನುಷ್ಯ ಕಡಿಯಬಹುದು, ನೆಡಬಹುದು. ಬುಡದ ಗಿಡ ಮಾತ್ರ ನೆಲದ ನಿಜ ಹೇಳುತ್ತದೆ ಅನ್ನುವುದು ಅವರ ವಾದ. ಬಿಲ್ಬೆರಿ ಪೊದೆ ಹರಡಿಕೊಂಡಿದ್ದರೆ ಮಧ್ಯಮ ಫಲವತ್ತಿನ ನೆಲ, ಸ್ಪ್ರೂಸ್‌ಗೆ ಒಳ್ಳೆಯದು. ಲಿಂಗನ್‌ಬೆರಿ ಜಾಸ್ತಿಯಿದ್ದರೆ ಸ್ವಲ್ಪ ಒಣ, ಪೈನ್‌ಗೆ ಸರಿ. ಬೆಳ್ಳಗೆ ಕಲ್ಲುಹೂವೇ ಹಾಸಿದ್ದರೆ ಬಡ ಮರಳು. ಕಯಾಂಡರ್ ಮುಂದೆ ಮೂರು ಸಲ ಆ ದೇಶದ ಪ್ರಧಾನಿಯಾದರು. ಆದರೂ ಕಾಡಿನ ಕೆಲಸದವರಿಗೆ ಅವರು ಇವತ್ತಿಗೂ ಬಿಲ್ಬೆರಿ ಮತ್ತು ಪಾಚಿಯ ಮೇಷ್ಟ್ರು. ಫಿನ್‌ಲೆಂಡ್‌ನಲ್ಲಿ ಈ ವಿಂಗಡಣೆ ಈಗಲೂ ಬಳಕೆಯಲ್ಲಿದೆ. ನೂರು ವರ್ಷದ ಮೇಲೂ ಬಾಳುವ ಕೆಲಸ ಅಂದರೆ ಇದು.

ಅದೇ ಕಾಲಕ್ಕೆ ಇನ್ನೊಂದು ಒಳ್ಳೆಯ ಕೆಲಸವೂ ಶುರುವಾಯಿತು. ನಾರ್ವೆ 1919ರಲ್ಲಿ, ಫಿನ್‌ಲೆಂಡ್ 1921ರಲ್ಲಿ, ಸ್ವೀಡನ್ 1923ರಲ್ಲಿ ಇಡೀ ದೇಶದ ಕಾಡಿನ ಸರ್ವೆ ಆರಂಭಿಸಿದವು. ದೇಶದ ಮೇಲೆ ಸಾಲು ಗೆರೆ ಎಳೆದು, ಗೊತ್ತುಮಾಡಿದ ಜಾಗಕ್ಕೆ ನಡೆದು ಹೋಗಿ, ಮರ ಅಳೆದು, ನೆಲದ ತೇವ ನೋಡಿ ಬರೆದುಕೊಳ್ಳುವುದು. ಒಣ, ಹದ, ಹಸಿ, ಜೌಗು ಅಂತ. ಯಾರೂ ಮೆಚ್ಚಿ ಮಾತಾಡದ, ಸೊಳ್ಳೆ ಕಚ್ಚಿಸಿಕೊಂಡು ಮಾಡುವ ಕೆಲಸ. ಇದನ್ನು ಇಲ್ಲಿ ಯಾಕೆ ಹೇಳುತ್ತಿದ್ದೇನೆ ಅಂದರೆ, ಇವತ್ತಿನ ಕಂಪ್ಯೂಟರ್ ನಕ್ಷೆ ನಿಂತಿರುವುದು ಆ ನೋಟ್‌ಬುಕ್ಕುಗಳ ಮೇಲೆ.

ಈಗ ಲೇಸರ್ ವಿಷಯಕ್ಕೆ ಬರೋಣ. ವಿಮಾನ ಕಾಡಿನ ಮೇಲೆ ಹಾರುತ್ತಾ ಸೆಕೆಂಡಿಗೆ ಲಕ್ಷಗಟ್ಟಲೆ ಲೇಸರ್ ಬೆಳಕಿನ ತುಣುಕುಗಳನ್ನು ಕೆಳಗೆ ಬಿಡುತ್ತದೆ. ಹೆಚ್ಚಿನವು ಎಲೆಗೋ ಕೊಂಬೆಗೋ ತಾಗಿ ವಾಪಸ್ ಬರುತ್ತವೆ. ಕೆಲವು ಮಾತ್ರ ಸಂದಿಯಲ್ಲಿ ನುಸುಳಿ ನೆಲ ಮುಟ್ಟುತ್ತವೆ. ವಾಪಸ್ ಬರಲು ಹಿಡಿದ ಸಮಯದಿಂದ ದೂರ ಗೊತ್ತಾಗುತ್ತದೆ. ನೆಲ ಮುಟ್ಟಿದವನ್ನಷ್ಟೇ ಆರಿಸಿಕೊಂಡರೆ ಮರಗಳನ್ನೆಲ್ಲ ಕಿತ್ತು ಪಕ್ಕಕ್ಕಿಟ್ಟ ಹಾಗೆ ಬರಿ ನೆಲದ ಏರಿಳಿತ ಕಾಣುತ್ತದೆ. ಫಿನ್‌ಲೆಂಡ್ 2008ರಲ್ಲಿ, ಸ್ವೀಡನ್ 2009ರಲ್ಲಿ ದೇಶವ್ಯಾಪಿ ಇದನ್ನು ಶುರು ಮಾಡಿದವು. ಎರಡೂ ಕಡೆ 2 ಮೀಟರ್ ಚೌಕದ ಎತ್ತರದ ನಕ್ಷೆ ಸಿದ್ಧವಾಯಿತು. ಫಿನ್‌ಲೆಂಡ್ 2012ರಲ್ಲಿ ತನ್ನ ಭೂಪಟದ ದತ್ತಾಂಶವನ್ನು ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿತು. ಇದು ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಹತ್ತು ಎಕರೆ ಕಾಡಿನ ಒಡೆಯನಿಗೂ ದೊಡ್ಡ ಕಂಪನಿಗೂ ಒಂದೇ ನಕ್ಷೆ ಸಿಗುತ್ತದೆ.

ಎತ್ತರ ಗೊತ್ತಾದರೆ ನೀರು ಎಲ್ಲಿ ಸೇರುತ್ತದೆ ಅಂತ ಲೆಕ್ಕ ಹಾಕಬಹುದು. ಇಲ್ಲಿ ಮುಖ್ಯವಾಗಿ ಎರಡು ದಾರಿ. ಮೊದಲನೆಯದು ಇಂಗ್ಲೆಂಡ್‌ನ ಕೀತ್ ಬೆವೆನ್ ಮತ್ತು ಮೈಕ್ ಕರ್ಕ್‌ಬಿ 1979ರಲ್ಲಿ ಕೊಟ್ಟ ಸೂತ್ರ. ಒಂದು ಜಾಗಕ್ಕೆ ಮೇಲಿನಿಂದ ಎಷ್ಟು ನೆಲದ ನೀರು ಇಳಿದು ಬರುತ್ತದೆ, ಅಲ್ಲಿ ಇಳಿಜಾರು ಎಷ್ಟಿದೆ, ಇವೆರಡನ್ನೂ ಭಾಗಿಸಿ ತೇವದ ಅಂದಾಜು ತೆಗೆಯುವುದು. ನೀರು ಜಾಸ್ತಿ ಬಂದು ಇಳಿಜಾರು ಕಮ್ಮಿ ಇದ್ದರೆ ನೀರು ನಿಲ್ಲುತ್ತದೆ, ಅಷ್ಟೇ. ಎರಡನೆಯದು ಕೆನಡಾದ ನ್ಯೂ ಬ್ರನ್ಸ್‌ವಿಕ್ ವಿಶ್ವವಿದ್ಯಾಲಯದ ಪಾಲ್ ಆರ್ಪ್ ತಂಡದ್ದು. ಅವರು ಕೇಳಿದ ಪ್ರಶ್ನೆ ಇನ್ನೂ ಸರಳ. ಹತ್ತಿರದ ತೊರೆಯ ನೀರಿನ ಮಟ್ಟದಿಂದ ಈ ಜಾಗ ಎಷ್ಟು ಎತ್ತರದಲ್ಲಿದೆ? ಒಂದು ಮೀಟರಿಗಿಂತ ಕಮ್ಮಿ ಇದ್ದರೆ ಹಸಿ ಅಂತ ಇಟ್ಟುಕೊಳ್ಳಿ. ತೊರೆ ಎಲ್ಲಿ ಹುಟ್ಟುತ್ತದೆ ಅನ್ನುವುದಕ್ಕೆ ಅವರು ಇಟ್ಟ ಮಾಮೂಲಿ ಅಳತೆ 4 ಹೆಕ್ಟೇರ್. ಅಷ್ಟು ನೆಲದ ನೀರು ಒಂದೆಡೆ ಸೇರಿದರೆ ತೊರೆ ಶುರು. ಅದು ಬೇಸಿಗೆ ಕೊನೆಯ ಒಣ ದಿನಗಳಿಗೆ ಸರಿ. ಹಿಮ ಕರಗುವ ಕಾಲಕ್ಕೆ ಅದನ್ನು 1 ಹೆಕ್ಟೇರಿಗೋ ಇನ್ನೂ ಕಮ್ಮಿಗೋ ಇಳಿಸಬೇಕು. ಆಗ ಅದೇ ಕಾಡಿನ ನಕ್ಷೆಯಲ್ಲಿ ನೀಲಿ ಬಣ್ಣ ಕೈಯ ರಕ್ತನಾಳದ ಹಾಗೆ ಎಲ್ಲಾ ಕಡೆ ಹರಡಿಕೊಳ್ಳುತ್ತದೆ.

ಸ್ವೀಡನ್‌ನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದ ಅನ್ನೇಲಿ ಓಗ್ರೆನ್, ವಿಲಿಯಂ ಲೀಡ್‌ಬರ್ಗ್ ಮತ್ತು ಜೊತೆಗಾರರು ಇಂಥ ಹಲವು ಲೆಕ್ಕಗಳನ್ನು ಒಟ್ಟಿಗೆ ಹಾಕಿ, ಕಾಡಿನ ಸರ್ವೆಯವರು ಸಾವಿರಾರು ಕಡೆ ಕಾಲಿನಲ್ಲಿ ನಡೆದು ಬರೆದಿಟ್ಟ ತೇವದ ವಿವರಗಳನ್ನು ಕಂಪ್ಯೂಟರಿಗೆ ಕಲಿಸಿದರು. ಹಾಗೆ ಬಂದದ್ದು ಇಡೀ ದೇಶದ ಕಾಡಿಗೆ 2 ಮೀಟರ್ ಚೌಕದ ತೇವದ ನಕ್ಷೆ. ಇದು 'ಇಲ್ಲಿ ಹಸಿ, ಇಲ್ಲಿ ಒಣ' ಅಂತ ಗೆರೆ ಕೊಯ್ದು ಹೇಳುವುದಿಲ್ಲ. ಪ್ರತಿ ಚೌಕಕ್ಕೂ 0ಯಿಂದ 100ರವರೆಗೆ ಒಂದು ಅಂಕಿ ಕೊಡುತ್ತದೆ, ಹಸಿ ಇರುವ ಸಾಧ್ಯತೆ ಎಷ್ಟು ಅಂತ. ಪ್ರಾಮಾಣಿಕ ನಕ್ಷೆ ಅಂದರೆ ಹೀಗಿರಬೇಕು. ಆದರೆ ಯಂತ್ರದ ಪರದೆಗೆ ಬರುವಷ್ಟರಲ್ಲಿ ಈ ಅಂಕಿಗಳು ಬಣ್ಣಗಳಾಗಿರುತ್ತವೆ. ಬಣ್ಣ ನೋಡಿದವರಿಗೆ ಅನುಮಾನ ಕಾಣುವುದಿಲ್ಲ. ಗಾಢ ನೀಲಿ ಅಂದರೆ ನೀರು, ಬಿಳಿ ಅಂದರೆ ಗಟ್ಟಿ ನೆಲ ಅಂತಲೇ ಓದುತ್ತಾರೆ. ನಡುವಿನ ತೆಳು ನೀಲಿಯಲ್ಲೇ ನಿಜವಾದ ತೀರ್ಮಾನ ಇರುವುದು, ಅಲ್ವಾ?

ಇಷ್ಟೆಲ್ಲ ತಲೆಕೆಡಿಸಿಕೊಳ್ಳುವುದು ಯಾಕೆ ಅಂತ ಕೇಳಬಹುದು. ಕೆಸರಿನಲ್ಲಿ ಒಂದು ಜಾಡು ಬಿದ್ದರೆ ಏನಾಯಿತು? ಉತ್ತರ ಸ್ವೀಡನ್‌ನ ಉಮೆಯೊ ಪಟ್ಟಣದ ವಾಯುವ್ಯಕ್ಕೆ, ವಿಂಡೆಲ್ನ್ ಊರಿನ ಹತ್ತಿರ ಕ್ರಿಕ್ಲಾನ್ ಅನ್ನುವ ಜಲಾನಯನ ಪ್ರದೇಶ ಇದೆ. ಸುಮಾರು 68 ಚದರ ಕಿಲೋಮೀಟರ್. ದಶಕಗಳಿಂದ ಅಲ್ಲಿನ ತೊರೆಗಳ ನೀರನ್ನು ತಪ್ಪದೆ ತೆಗೆದು ಪರೀಕ್ಷೆ ಮಾಡುತ್ತಾ ಬಂದಿದ್ದಾರೆ. ಅಲ್ಲಿ ಗೊತ್ತಾದ ಒಂದು ಸಂಗತಿ ನನಗೆ ಬಹಳ ದಿನ ತಲೆಯಲ್ಲಿ ಉಳಿಯಿತು. ಮಾಮೂಲಿ ಭೂಪಟದಲ್ಲಿ ಅಲ್ಲಿನ ತೊರೆಗಳ ಅರ್ಧಕ್ಕಿಂತ ಜಾಸ್ತಿ ಉದ್ದ ಕಾಣೆಯಾಗಿತ್ತು. ಒಂದು ಹೆಜ್ಜೆಯಲ್ಲಿ ದಾಟಬಹುದಾದ ಸಣ್ಣ ತೊರೆಗಳವು. ನಕ್ಷೆಯಲ್ಲಿ ಇಲ್ಲದ ತೊರೆಯನ್ನು ಯಾರು ಕಾಪಾಡುತ್ತಾರೆ? ಅದರ ಮೇಲೇ ಯಂತ್ರ ಓಡುತ್ತದೆ.

ಆ ತೊರೆಯ ಅಂಚಿನ ಹಸಿ ಪಟ್ಟಿಯಲ್ಲಿ ಪಾದರಸದ ಕತೆ ನಡೆಯುತ್ತದೆ. ಯುರೋಪಿನ ಕಾರ್ಖಾನೆಗಳು, ಕಲ್ಲಿದ್ದಲ ಒಲೆಗಳು ನೂರಾರು ವರ್ಷ ಗಾಳಿಗೆ ಬಿಟ್ಟ ಪಾದರಸ ಈ ಕಾಡಿನ ಮೇಲೆ ಬಿದ್ದು, ಆ ಕಪ್ಪು ಚಾಪೆಯಲ್ಲಿ ಸೇರಿಕೊಂಡು ಕೂತಿದೆ. ಅಲ್ಲಿ ಅದು ಕೂತಿರುವವರೆಗೆ ತೊಂದರೆ ಕಮ್ಮಿ. ಚಕ್ರ ಹೂತು ಉದ್ದನೆಯ ಗುಂಡಿಯಾಗಿ, ಅದರಲ್ಲಿ ನೀರು ನಿಂತು, ಗಾಳಿಯಾಡದೆ ಹೋದಾಗ ಕೆಲವು ಬ್ಯಾಕ್ಟೀರಿಯಾಗಳು ಆ ಪಾದರಸವನ್ನು ಮೀಥೈಲ್ ಪಾದರಸವಾಗಿ ಬದಲಿಸುತ್ತವೆ. ಇದು ಜೀವಿಗಳ ಮೈಗೆ ಸುಲಭವಾಗಿ ಸೇರುತ್ತದೆ, ಬೇಗ ಹೊರಗೆ ಹೋಗುವುದಿಲ್ಲ. ಜಾಡು ಇಳಿಜಾರಿನ ಕಡೆಗಿದ್ದರೆ ಅದೇ ಒಂದು ಕಾಲುವೆಯಾಗಿ ಹೂಳನ್ನೂ ವಿಷವನ್ನೂ ತೊರೆಗೆ ಸಾಗಿಸುತ್ತದೆ. ತೊರೆಯಿಂದ ಹುಳಕ್ಕೆ, ಹುಳದಿಂದ ಸಣ್ಣ ಮೀನಿಗೆ, ಅದರಿಂದ ಪರ್ಚ್, ಪೈಕ್ ಎಂಬ ದೊಡ್ಡ ಮೀನಿಗೆ. ಸ್ವೀಡನ್‌ನಲ್ಲಿ ಬಸುರಿ ಮತ್ತು ಬಾಣಂತಿಯರು ಈ ಮೀನುಗಳನ್ನು ವರ್ಷಕ್ಕೆ ಎರಡು ಮೂರು ಸಲಕ್ಕಿಂತ ಜಾಸ್ತಿ ತಿನ್ನಬಾರದು ಅಂತ ಸರ್ಕಾರವೇ ಹೇಳುತ್ತದೆ. ಕಡಿಯುವ ಕಾಡುಗಳಿರುವ ಉತ್ತರದ ಪ್ರದೇಶಗಳಲ್ಲಿ ಮೀನಿನ ಪಾದರಸದ ಹತ್ತನೇ ಒಂದು ಪಾಲಿನಿಂದ ಕಾಲು ಪಾಲಿನವರೆಗೆ ಕಾಡಿನ ಕೆಲಸದಿಂದ ಬಂದಿರಬಹುದು ಅಂತ 2009ರಲ್ಲಿ ಕೆವಿನ್ ಬಿಷಪ್ ಮತ್ತು ಜೊತೆಗಾರರು ಅಂದಾಜು ಮಾಡಿದರು. ಅಂದರೆ ಮೊದಲು ಹೇಳಿದ ಆರು ಮೀಟರ್ ನಾಲಿಗೆಯನ್ನು ದಾಟುವುದೋ ಸುತ್ತಿ ಹೋಗುವುದೋ ಅನ್ನುವುದು ಕೊನೆಗೆ ಒಬ್ಬ ಬಸುರಿಯ ಊಟದ ತಟ್ಟೆಯವರೆಗೂ ಹೋಗುತ್ತದೆ. ಡೀಸೆಲ್ ಲೆಕ್ಕ ಹಾಕುವಾಗ ಇದನ್ನು ಮರೆಯುವುದು ನನಗೆ ಸರಿ ಕಾಣುವುದಿಲ್ಲ.

ಒಳ್ಳೆಯ ಸುದ್ದಿಯೂ ಇದೆ. ಹಿಂದೆ ತೊರೆ ಪಕ್ಕ ಮರ ಉಳಿಸಬೇಕು ಅಂದರೆ ಎರಡೂ ಕಡೆ ಇಂತಿಷ್ಟು ಮೀಟರ್ ಅಂತ ಒಂದೇ ಅಗಲದ ಪಟ್ಟಿ ಬಿಡುತ್ತಿದ್ದರು. ನೆಲದೊಳಗಿನ ನೀರು ಹಾಗೆ ಸಮವಾಗಿ ಬರುವುದಿಲ್ಲ. ಕೆಲವು ಕಡೆ ಒರತೆಯ ಹಾಗೆ ಒಂದೇ ಜಾಗದಲ್ಲಿ ಜಾಸ್ತಿ ಹೊರಬರುತ್ತದೆ, ಉಳಿದ ದಂಡೆ ಒಣಗಿರುತ್ತದೆ. ತೇವದ ನಕ್ಷೆ ಇದ್ದರೆ ಒರತೆ ಇರುವಲ್ಲಿ 30 ಮೀಟರ್ ಬಿಡಿ, ಒಣ ದಂಡೆಯಲ್ಲಿ 5 ಮೀಟರ್ ಸಾಕು ಅಂತ ಹೇಳಬಹುದು. ಒಡೆಯನಿಗೆ ಉಳಿಯುವ ಮರವೂ ಹೆಚ್ಚುಕಮ್ಮಿ ಅಷ್ಟೇ, ತೊರೆಗೆ ಆಗುವ ಉಪಕಾರ ಎಷ್ಟೋ ಪಟ್ಟು. ಈ ವಿಚಾರವನ್ನು ಸ್ವೀಡನ್‌ನ ಸಂಶೋಧಕರು 2014ರಲ್ಲೇ ಮುಂದಿಟ್ಟರು. ನನ್ನ ಪ್ರಕಾರ ಇಡೀ ನಕ್ಷೆಯ ಅತ್ಯಂತ ಬೆಲೆಬಾಳುವ ಉಪಯೋಗ ಇದು. ಯಂತ್ರ ಹೂತುಕೊಳ್ಳದಿರುವುದು ಎರಡನೆಯದು.

ಇನ್ನು ನಕ್ಷೆ ಎಲ್ಲಿ ಎಡವುತ್ತದೆ ಅನ್ನುವುದನ್ನೂ ನೋಡಬೇಕು. ತೀರಾ ಸಣ್ಣ ವಿಷಯದಿಂದ ಶುರು ಮಾಡುತ್ತೇನೆ, ಮೋರಿ. ಕಾಡಿನ ರಸ್ತೆಯ ಅಡಿಯಲ್ಲಿ ನೀರು ದಾಟಲು ಒಂದು ಪೈಪು ಇಟ್ಟಿರುತ್ತಾರೆ. ವಿಮಾನದ ಲೇಸರಿಗೆ ರಸ್ತೆ ಕಾಣುತ್ತದೆ, ಅಡಿಯ ಮೋರಿ ಕಾಣುವುದಿಲ್ಲ. ಕಂಪ್ಯೂಟರ್ ಪ್ರಕಾರ ರಸ್ತೆ ಒಂದು ಅಣೆಕಟ್ಟು. ಅದರ ಹಿಂದೆ ಇಲ್ಲದ ಕೆರೆಯನ್ನು ಸೃಷ್ಟಿಸಿ, ನೀರನ್ನು ರಸ್ತೆ ಪಕ್ಕದಲ್ಲೇ ಹರಿಸಿ, ಎಲ್ಲೋ ಬೇರೆ ಕಡೆ ತೊರೆ ಹುಟ್ಟಿಸಿಬಿಡುತ್ತದೆ. ಹಾಗಾಗಿ ಲೆಕ್ಕ ಹಾಕುವ ಮೊದಲು ತೊರೆ ರಸ್ತೆ ಸೇರುವ ಕಡೆಯೆಲ್ಲ ನೆಲವನ್ನು ಕಂಪ್ಯೂಟರಿನಲ್ಲೇ ಕೊರೆದು ದಾರಿ ಬಿಡಬೇಕು. ದೇಶಪೂರ್ತಿ ಎಷ್ಟು ಮೋರಿ ಇರಬಹುದು, ಯೋಚಿಸಿ.

ಸಪಾಟು ನೆಲದಲ್ಲಿ ಲೆಕ್ಕ ಇನ್ನೂ ಕಷ್ಟ. ಇಳಿಜಾರು ಇದ್ದರೆ ನೀರಿನ ದಾರಿ ಸ್ಪಷ್ಟ. ಹಳೆಯ ಸಮುದ್ರ ತಳದ ಮಟ್ಟಸ ಮರಳಿನಲ್ಲಿ ಹತ್ತು ಸೆಂಟಿಮೀಟರ್ ತಪ್ಪಾದರೂ ನೀರು ಬೇರೆ ದಿಕ್ಕಿಗೆ ಹೋಗುತ್ತದೆ. ಮೇಲಾಗಿ ಮರಳು ನೀರನ್ನು ಇಂಗಿಸಿಕೊಳ್ಳುತ್ತದೆ. ನಕ್ಷೆ ಹಸಿ ಅಂದ ಕಡೆ ಒಣಗಿರುವುದು ಅಲ್ಲಿ ಮಾಮೂಲು. ತೇವ ಮತ್ತು ಗಟ್ಟಿತನ ಒಂದೇ ಅಲ್ಲ ಅನ್ನುವುದು ಇನ್ನೊಂದು ತೊಡಕು. ಕಲ್ಲು ತುಂಬಿದ ಮೊರೇನ್ ಒದ್ದೆಯಾಗಿದ್ದರೂ ಯಂತ್ರವನ್ನು ಹೊರುತ್ತದೆ. ನುಣುಪು ಹೂಳು ಅರೆ ಒದ್ದೆ ಇದ್ದರೂ ಸಾಕು, ಕಾಲಡಿ ಬೆಣ್ಣೆಯಾಗುತ್ತದೆ. ಕಲ್ಲು ಎಷ್ಟಿದೆ, ಕಣ ಎಷ್ಟು ಸಣ್ಣದು ಅನ್ನುವುದನ್ನು ಲೇಸರ್ ಹೇಳುವುದಿಲ್ಲ. ಅದಕ್ಕೆ ಇವತ್ತಿಗೂ ಕಬ್ಬಿಣದ ಸಲಾಕೆ ಹಿಡಿದು ನೆಲ ಚುಚ್ಚಿ ನೋಡುವುದೇ ನಂಬಿಕೆಯ ದಾರಿ. ಪೀಟ್ ಎಲ್ಲಿ ದಪ್ಪಗಿದೆ ಅಂತ ಪತ್ತೆ ಹಚ್ಚಲು ನೆಲದಿಂದ ಸಹಜವಾಗಿ ಹೊರಡುವ ಗಾಮಾ ವಿಕಿರಣ ಅಳೆಯುವ ವಿಧಾನ ನೆರವಾಗುತ್ತದೆ, ಯಾಕೆಂದರೆ ಒದ್ದೆ ಪೀಟ್ ಅದನ್ನು ಅಡಗಿಸುತ್ತದೆ. ಫಿನ್‌ಲೆಂಡ್‌ನವರು 1972ರಿಂದ 2007ರವರೆಗೆ ಇಡೀ ದೇಶದ ಮೇಲೆ ತಗ್ಗಾಗಿ ವಿಮಾನ ಹಾರಿಸಿ ಇದನ್ನು ಅಳೆದಿಟ್ಟಿದ್ದಾರೆ. ಮೂಲ ಉದ್ದೇಶ ಖನಿಜ ಮತ್ತು ಬಂಡೆಯ ನಕ್ಷೆ. ಕಾಡಿನವರಿಗೂ ಅದು ಉಪಯೋಗಕ್ಕೆ ಬಂತು.

ಎಲ್ಲಕ್ಕಿಂತ ದೊಡ್ಡ ಕೊರತೆ ಕಾಲದ್ದು. ನಕ್ಷೆ ಹೇಳುವುದು ಸರಾಸರಿ ತೇವ. ನಿನ್ನೆ 40 ಮಿಲಿಮೀಟರ್ ಮಳೆ ಬಿದ್ದದ್ದು ಅದಕ್ಕೆ ಗೊತ್ತಿಲ್ಲ. ನೆಲ ಐದು ಸೆಂಟಿಮೀಟರ್ ಹೆಪ್ಪುಗಟ್ಟಿದೆಯೋ ಐವತ್ತೋ ಅದೂ ಗೊತ್ತಿಲ್ಲ. 'ಯಾವಾಗ' ಅನ್ನುವ ಪ್ರಶ್ನೆಯನ್ನು 'ಎಲ್ಲಿ' ಎಂದು ಬದಲಿಸಿಕೊಂಡೆವು, ಸರಿ. ಆದರೆ ಮೊದಲ ಪ್ರಶ್ನೆ ಸಾಯಲಿಲ್ಲ. ಚಳಿಗಾಲ ಅಡ್ಡಾದಿಡ್ಡಿಯಾದಷ್ಟೂ ಅದು ಇನ್ನಷ್ಟು ಜೋರಾಗಿ ವಾಪಸ್ ಬರುತ್ತದೆ. ಫಿನ್‌ಲೆಂಡ್‌ನಲ್ಲಿ ಯಾವ ಕಾಡಿಗೆ ವರ್ಷವಿಡೀ ಹೋಗಬಹುದು, ಯಾವುದಕ್ಕೆ ಒಣ ಬೇಸಿಗೆಯಲ್ಲಿ ಮಾತ್ರ, ಯಾವುದಕ್ಕೆ ಹೆಪ್ಪುಗಟ್ಟಿದಾಗ ಮಾತ್ರ ಅಂತ ವಿಂಗಡಿಸಿದ ನಕ್ಷೆ ಎಲ್ಲರಿಗೂ ಸಿಗುತ್ತದೆ. ಒಳ್ಳೆಯ ಹೆಜ್ಜೆ. ಆದರೆ 'ಹೆಪ್ಪುಗಟ್ಟಿದಾಗ ಮಾತ್ರ' ಅನ್ನುವ ಕಾಡಿಗೆ ಹೆಪ್ಪೇ ಸರಿಯಾಗಿ ಬರದ ವರ್ಷ ಏನು ಮಾಡಬೇಕು? ಕಡಿಯದೆ ಬಿಡಬೇಕು ಅನ್ನುವುದು ನನ್ನ ಉತ್ತರ. ಮಾರುಕಟ್ಟೆಯ ಉತ್ತರ ಬೇರೆ ಇರುತ್ತದೆ.

ಫಿನ್‌ಲೆಂಡ್‌ಗೆ ಇದು ಇನ್ನೂ ಬಿಗಿಯಾದ ಪ್ರಶ್ನೆ. ಆ ದೇಶದ ನೆಲದ ಸುಮಾರು ಮೂರನೇ ಒಂದು ಭಾಗ ಪೀಟ್. ಅದರ ಅರ್ಧದಷ್ಟನ್ನು, 50 ಲಕ್ಷ ಹೆಕ್ಟೇರಿನ ಹತ್ತಿರ, ಮರ ಬೆಳೆಸಲು ಬಸಿಗಾಲುವೆ ತೋಡಿ ಒಣಗಿಸಿದರು, ಹೆಚ್ಚಾಗಿ 1960 ಮತ್ತು 70ರ ದಶಕಗಳಲ್ಲಿ. ಆಗ ಅದು ದೇಶ ಕಟ್ಟುವ ಕೆಲಸ. ಆ ಮರಗಳು ಈಗ ಕಡಿಯುವ ವಯಸ್ಸಿಗೆ ಬಂದಿವೆ. ನೀರು ಇಳಿದ ಪೀಟ್‌ಗೆ ಗಾಳಿ ತಾಗಿ ಅದು ಕೊಳೆಯುತ್ತಾ ಇಂಗಾಲವನ್ನು ಬಿಡುತ್ತಿದೆ. ಮರಗಳನ್ನು ಒಂದೇ ಸಲ ನೆಲಸಮ ಮಾಡಿದರೆ ನೀರೆಳೆಯುವವರು ಯಾರೂ ಇಲ್ಲದೆ ಮಟ್ಟ ಮೇಲೇರಿ, ಮೀಥೇನ್ ಮತ್ತು ಪೋಷಕಾಂಶ ಹೊರಬರುತ್ತವೆ. ಹಾಗಾಗಿ ಕೆಲವು ಮರಗಳನ್ನು ಪಂಪಿನ ಹಾಗೆ ಉಳಿಸಿಕೊಂಡು ಸ್ವಲ್ಪ ಸ್ವಲ್ಪವೇ ಕಡಿಯಿರಿ ಅಂತ ಸಂಶೋಧಕರು ಹೇಳುತ್ತಿದ್ದಾರೆ. 2021ರಲ್ಲಿ ಫಿನ್‌ಲೆಂಡ್‌ನ ಭೂಬಳಕೆ ವಲಯ, ಅಂದರೆ ಕಾಡು, ಹೊಲ, ಪೀಟ್ ಎಲ್ಲಾ ಸೇರಿ, ಇಂಗಾಲ ಹೀರುವುದಕ್ಕಿಂತ ಹೆಚ್ಚು ಬಿಟ್ಟಿತು ಅನ್ನುವ ಲೆಕ್ಕ 2022ರಲ್ಲಿ ಬಂದಾಗ ಇಡೀ ದೇಶ ಬೆಚ್ಚಿಬಿತ್ತು. ಪೀಟ್ ಎಲ್ಲಿದೆ, ನೀರು ಎಷ್ಟು ಕೆಳಗಿದೆ ಅನ್ನುವ ನಕ್ಷೆ ಆಮೇಲೆ ಬರೀ ಕಾಡಿನವರ ವಿಷಯವಾಗಿ ಉಳಿಯಲಿಲ್ಲ. ಬಸಿಗಾಲುವೆಗಳ ನಕ್ಷೆಯೂ ಅಷ್ಟೇ. ಸ್ವೀಡನ್‌ನಲ್ಲಿ ಲೇಸರ್ ಚಿತ್ರಗಳಲ್ಲಿ ಅವನ್ನು ಹುಡುಕಲು ಕಂಪ್ಯೂಟರಿಗೆ ಕಲಿಸಿದಾಗ, ಹಳೆಯ ಭೂಪಟದಲ್ಲಿ ಇದ್ದದ್ದು ಸುಮಾರು ಹತ್ತರಲ್ಲಿ ಒಂದು ಪಾಲು ಕಾಲುವೆ ಮಾತ್ರ ಅಂತ ಗೊತ್ತಾಯಿತು. ಮನುಷ್ಯರೇ ತೋಡಿ, ಮನುಷ್ಯರೇ ಮರೆತದ್ದು.

ಹಸಿ ನೆಲದ ಮಾತೇ ಆಯಿತು. ಒಣ ನೆಲದ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಈ ಚರ್ಚೆಯಲ್ಲಿ ಅದು ಸುಮ್ನೆ ಬಿಟ್ಟುಹೋಗುತ್ತದೆ. ನಕ್ಷೆಯಲ್ಲಿ ಬಿಳಿಯಾಗಿ ಕಾಣುವ ಜಾಗ ಅಂದರೆ ಯಾವಾಗ ಬೇಕಾದರೂ ಯಂತ್ರ ಇಳಿಸಬಹುದು ಅಂತ ಅರ್ಥ ಮಾಡಿಕೊಳ್ಳುತ್ತಾರೆ. ಉತ್ತರ ಸ್ವೀಡನ್‌ನ ಆ ಒಣ ಪೈನ್ ಕಾಡಿನಲ್ಲೇ ಬೆಳ್ಳನೆಯ ಕಲ್ಲುಹೂವು ಬೆಳೆಯುವುದು. ಈ ಉತ್ತರದ ಮೂಲನಿವಾಸಿಗಳಾದ ಸಾಮಿ ಜನರ ಹಿಮಸಾರಂಗಗಳು ಚಳಿಗಾಲದಲ್ಲಿ ಹಿಮ ಕೆದಕಿ ತಿನ್ನುವುದು ಅದನ್ನೇ. ಅದು ಒಂದು ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತದೆ. ಕಡಿದ ಮೇಲೆ ಸಸಿ ನೆಡಲು ನೆಲ ಕೆದರಿದರೆ ಅದರ ಕತೆ ಮುಗಿಯಿತು. ಕಲ್ಲುಹೂವು ಸಮೃದ್ಧವಾಗಿದ್ದ ಕಾಡಿನ ವಿಸ್ತೀರ್ಣ ಸ್ವೀಡನ್‌ನಲ್ಲಿ 60 ವರ್ಷಗಳಲ್ಲಿ ಶೇಕಡಾ 71ರಷ್ಟು ಕುಸಿಯಿತು ಅಂತ 2016ರಲ್ಲಿ ಬಂದ ಒಂದು ಅಧ್ಯಯನ ಹೇಳಿತು. ಹಸಿ ಕಾಡಿಗೆ ಯಂತ್ರ ಹೋಗಲಾರದ ವರ್ಷ ಅದು ಹೋಗುವುದು ಎಲ್ಲಿಗೆ? ಈ ಒಣ ಕಾಡಿಗೆ. ಒಂದು ಕಡೆ ನೆಲ ಉಳಿಸಿದ ನಕ್ಷೆ ಇನ್ನೊಂದು ಕಡೆ ಹೊರೆಯನ್ನು ತಳ್ಳುತ್ತದೆ. ತೇವದ ನಕ್ಷೆ ಮಾಡುವವರು ಸಾರಂಗ ಕಾಯುವ ಸಾಮಿಗಳ ಮೇವಿನ ನಕ್ಷೆಯನ್ನೂ ಅದೇ ಪರದೆಯಲ್ಲಿ ಇಡಬೇಕು, ಪಕ್ಕದಲ್ಲಿ ಅಲ್ಲ, ಮೇಲೇ.

ತೀರ್ಮಾನ ಯಾರದ್ದು ಅನ್ನುವುದೂ ಇದರಲ್ಲಿ ಸೇರಿದೆ. ಸ್ವೀಡನ್‌ನ ಕಾಡಿನ ಅರ್ಧದಷ್ಟು ಭಾಗ ಖಾಸಗಿ ವ್ಯಕ್ತಿಗಳದ್ದು, ಲಕ್ಷಗಟ್ಟಲೆ ಕುಟುಂಬಗಳದ್ದು. ಹಲವರು ದೂರದ ಪಟ್ಟಣದಲ್ಲಿರುತ್ತಾರೆ. ಕಡಿಯುವ ಕೆಲಸ ಗುತ್ತಿಗೆದಾರರದ್ದು. ಜಾಡು ಬಿದ್ದರೆ ಬೈಗುಳ ತಿನ್ನುವುದು ಕೊನೆಗೆ ಚಾಲಕ. ಅವನಿಗೆ ದಿಮ್ಮಿಯ ಲೆಕ್ಕದಲ್ಲಿ ಹಣ ಕೊಟ್ಟು, ಸುತ್ತಿ ಹೋದ 300 ಮೀಟರಿಗೆ ಏನೂ ಕೊಡದಿದ್ದರೆ ಎಂಥಾ ನಕ್ಷೆ ಕೊಟ್ಟರೂ ಅಷ್ಟೇ. 2025ರಲ್ಲಿ ಐರೋಪ್ಯ ಒಕ್ಕೂಟ ಮಣ್ಣಿನ ಸ್ಥಿತಿ ಗಮನಿಸುವುದಕ್ಕೆಂದೇ ಮೊದಲ ಸಲ ಒಂದು ಕಾನೂನು ತಂದಿದೆ. ಅದು ಕಚೇರಿಗಳಿಗೆ ಅಳತೆಯ ಜವಾಬ್ದಾರಿ ಕೊಡುತ್ತದೆ. ಕ್ಯಾಬಿನ್ನಿನಲ್ಲಿ ಕೂತವನ ಕೂಲಿಯ ಲೆಕ್ಕ ಗುತ್ತಿಗೆ ಪತ್ರದಲ್ಲೇ ಬದಲಾಗಬೇಕು.

ಯಂತ್ರ ಬರುವ ಮೊದಲು ಒಬ್ಬರು ಕಾಡಿಗೆ ನಡೆದು ಹೋಗುತ್ತಾರೆ, ಜೇಬಿನಲ್ಲಿ ಬಣ್ಣದ ಪ್ಲಾಸ್ಟಿಕ್ ಪಟ್ಟಿಯ ಸುರುಳಿ. ಎಲ್ಲಿಯವರೆಗೆ ಹೋಗಬಹುದು ಅಂತ ಮರಗಳಿಗೆ ಆ ಪಟ್ಟಿ ಕಟ್ಟುತ್ತಾ ಹೋಗುವುದು ಅವರ ಕೆಲಸ. ಫೋನಿನಲ್ಲಿ ನಕ್ಷೆ ಇದೆ. ಅದರ ಪ್ರಕಾರ ನೀಲಿ ಶುರುವಾಗುವುದು ಎದುರಿನ ಬರ್ಚ್ ಮರದಿಂದ. ಆದರೆ ದಟ್ಟ ಮರಗಳ ಕೆಳಗೆ ಫೋನಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. ಅವರು ಬಗ್ಗಿ ನೋಡುತ್ತಾರೆ. ಬಿಲ್ಬೆರಿ ಇಲ್ಲಿಗೇ ನಿಂತಿದೆ. ಅದರಾಚೆ ಉದ್ದನೆಯ ಕಡು ಹಸಿರು ಪಾಚಿ, ಇನ್ನೊಂದು ಹೆಜ್ಜೆಗೆ ತಿಳಿ ಹಸಿರಿನ ಸ್ಫ್ಯಾಗ್ನಮ್ ಪಾಚಿ, ಹಿಂಡಿದರೆ ಒದ್ದೆ ಬಟ್ಟೆಯ ಹಾಗೆ ನೀರು ಸುರಿಸುವಂಥದ್ದು. ಕೈಯಲ್ಲಿ ಒಂದು ಹಿಡಿ ಕಿತ್ತು ಹಿಂಡುತ್ತಾರೆ, ನೀರು ಮುಂಗೈವರೆಗೆ ಇಳಿಯುತ್ತದೆ. ಬರ್ಚ್ ಮರವನ್ನು ಬಿಟ್ಟು, ನಾಲ್ಕು ಮೀಟರ್ ಹಿಂದಿನ ಪೈನ್ ಮರಕ್ಕೆ ಪಟ್ಟಿ ಸುತ್ತಿ ಗಂಟು ಹಾಕುತ್ತಾರೆ. ಈ ನಾಲ್ಕು ಮೀಟರ್ ಮುಂದಿನ ಸಲದ ನಕ್ಷೆಗೆ ಸೇರಬೇಕು, ಸರ್ವೆಯವರ ನೋಟ್‌ಬುಕ್ಕಿನ ಸಾಲುಗಳು ಸೇರಿದ ಹಾಗೆ.